ಜಾತಿಯ ಸಾಲು ಖಾಲಿ ಬಿಡುತ್ತಿದ್ದ ಡಾಕ್ಟರು

ಹೋದ ತಿಂಗಳು ಡಾಕ್ಟರು ತೀರಿಕೊಂಡ ದಿನ ಅವರ ಮನೆಯ ಮುಂದೆ ಶಾಮಿಯಾನದ ಕೆಳಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತಿದ್ದೆ. ನನ್ನ ಮುಂದಿನ ಸಾಲಿನಲ್ಲಿದ್ದವರೊಬ್ಬರು ಪಕ್ಕದವರ ಕಡೆ ಬಾಗಿ, "ದೊಡ್ಡ ಮನುಷ್ಯರು ಬಿಡಿ. ಆದ್ರೆ ಕೊನೇಲಿ ಕಣ್ಣು ಕೈಕೊಡ್ತು, ಪಾಪ. ನಕ್ಷತ್ರ ಆಮೇನ ಆಫ್ರಿಕಾದ್ದು ಅಂತ ಬರೆದುಬಿಟ್ರಂತೆ" ಎಂದರು. ಪಕ್ಕದವರು, "ಹೂಂ, ನಾನೂ ಕೇಳ್ದೆ. ವಯಸ್ಸಾಗಿತ್ತಲ್ಲ" ಎಂದು ತಲೆಯಾಡಿಸಿದರು. ನಾನು ಕೈಯಲ್ಲಿದ್ದ ನೀರಿನ ಬಾಟಲಿಯ ಮುಚ್ಚಳವನ್ನು ತೆಗೆಯುತ್ತಾ ಹಾಕುತ್ತಾ ಕುಳಿತಿದ್ದೆ.

ಅವರ ಕಣ್ಣು ಚೆನ್ನಾಗಿಯೇ ಇತ್ತು. ಇದನ್ನು ನನ್ನಷ್ಟು ಖಚಿತವಾಗಿ ಹೇಳಬಲ್ಲವರು ಇನ್ನೊಬ್ಬರಿಲ್ಲ. ಅಲ್ಲಿಯೇ ಎದ್ದು ನಿಂತು ಹೇಳಬೇಕಿತ್ತು, ಹೇಳಲಿಲ್ಲ. ಈಗ ಬರೆಯುತ್ತಿದ್ದೇನೆ. ಅವರ ಹೆಸರನ್ನು ಮಾತ್ರ ಹಾಕುವುದಿಲ್ಲ, ಏಕೆಂದರೆ ಹೆಸರು ಬರೆದುಕೊಳ್ಳುವುದು ಅವರಿಗೇ ಇಷ್ಟವಿರಲಿಲ್ಲ.

ಜಯನಗರದ ಒಂದು ಅಡ್ಡರಸ್ತೆಯಲ್ಲಿ, ಇಸ್ತ್ರಿ ಗಾಡಿಯ ಪಕ್ಕದ ಮನೆಯ ಮುಂದಿನ ಕೋಣೆಯೇ ಅವರ ಕ್ಲಿನಿಕ್ಕು. ನಾಯಿ, ಬೆಕ್ಕುಗಳ ಡಾಕ್ಟರು ಊರ ತುಂಬಾ ಇದ್ದಾರೆ. ಇವರ ಹತ್ತಿರ ಅವುಗಳ ಜೊತೆಗೆ ಗಿಳಿ, ಮೊಲ, ಆಮೆ, ಹಾವು, ಉಡದಂಥ ಇಗ್ವಾನ ಇವೆಲ್ಲ ಬರುತ್ತಿದ್ದವು. ಔಷಧಿ ಚೀಟಿಯನ್ನು ಅವರು ಕನ್ನಡದಲ್ಲೇ ಬರೆಯುತ್ತಿದ್ದರು. ಅದರಲ್ಲಿ ಅಚ್ಚಾಗಿದ್ದದ್ದು ನಾಲ್ಕೇ ಸಾಲು: ದಿನಾಂಕ, ಪ್ರಾಣಿ, ಜಾತಿ, ತೊಂದರೆ. ಯಜಮಾನರ ಹೆಸರಿನ ಸಾಲನ್ನು ಪ್ರೆಸ್ಸಿನವರು ಮರೆತುಬಿಟ್ಟಿದ್ದರಂತೆ. ಒಳ್ಳೆಯದೇ ಆಯಿತೆಂದು ಡಾಕ್ಟರು ಪ್ರತಿ ಸಲವೂ ಹಾಗೆಯೇ ಅಚ್ಚು ಹಾಕಿಸಿದರು. ಇನ್ನು ಜಾತಿಯ ಸಾಲು ಇತ್ತಲ್ಲ, ಅದನ್ನು ಅವರು ತುಂಬುತ್ತಲೇ ಇರಲಿಲ್ಲ.

ಒಂದು ದಿನ ನನ್ನ ಮುಂದೆಯೇ ಒಬ್ಬರು ಜರ್ಮನ್ ಶೆಫರ್ಡ್ ನಾಯಿಯ ವಂಶಾವಳಿಯ ಕಾಗದಗಳನ್ನೆಲ್ಲ ಫೈಲಿನಲ್ಲಿ ತಂದಿದ್ದರು. ಚೀಟಿ ನೋಡಿ ಅವರ ಮುಖ ಸಣ್ಣದಾಯಿತು. "ಸಾರ್, ಜಾತಿ ಖಾಲಿ ಬಿಟ್ಟಿದ್ದೀರ. ಪ್ಯೂರ್ ಬ್ರೀಡ್ ಇದು" ಎಂದರು.

"ಇಲ್ಲಿ ಜಾತಿ ಕೇಳಲ್ಲ ಕಣಯ್ಯ" ಎಂದರು ಡಾಕ್ಟರು. "ಬಂದಿರೋದು ಭೇದಿ. ಭೇದೀಲಿ ಯಾವ ಪ್ಯೂರು?"

ಇನ್ನೊಂದು ಪದ್ಧತಿಯಿತ್ತು ಅವರಿಗೆ. ಪ್ರಾಣಿಗಳಿಗೆ ಬಹುವಚನ, ಕರೆತಂದವರಿಗೆ ಏಕವಚನ. ನಿವೃತ್ತ ಎಂಜಿನಿಯರ್ ಇರಲಿ, ಕಾರಿನಲ್ಲಿ ಬಂದ ಉದ್ಯಮಿ ಇರಲಿ, ಎಲ್ಲರೂ "ಏನಯ್ಯ", "ಹಿಡ್ಕೋ", "ಆ ಕಡೆ ನಿಂತ್ಕೋ". ಮೇಜಿನ ಮೇಲಿನ ಮೊಲಕ್ಕೆ ಮಾತ್ರ "ಬನ್ನಿ ಸ್ವಾಮಿ, ಊಟ ಆಯ್ತಾ? ಹಲ್ಲು ತೋರಿಸ್ತೀರಾ?" ಹುಬ್ಬಳ್ಳಿ ಕಡೆಯ ಒಬ್ಬ ಹುಡುಗಿ ಬಿಟಿಎಂ ಬಡಾವಣೆಯಲ್ಲಿ ಬಾಡಿಗೆಗಿದ್ದಳು. ತನ್ನ ಇಗ್ವಾನವನ್ನು ದುಪಟ್ಟಾದಲ್ಲಿ ಸುತ್ತಿಕೊಂಡು ಆಟೋದಲ್ಲಿ ಬರುತ್ತಿದ್ದಳು. "ಮನಿ ಮಾಲಕರಿಗೆ ಗೊತ್ತಿಲ್ರಿ ಸರ, ಬಾತ್ರೂಮಿನ್ಯಾಗ ಇಟ್ಟೇನಿ" ಎಂದು ಅವಳು ಹೇಳಿದಾಗ ಡಾಕ್ಟರಿಗೆ ಬಂದ ಕೋಪ ನೋಡಬೇಕಿತ್ತು. "ಬಾತ್ರೂಮಲ್ಲಿ ನೀನಿರು. ಅವರಿಗೆ ಬಿಸಿಲು ಬೇಕು. ಕಾಲೆಲ್ಲ ಸೊಟ್ಟ ಆಗಿದೆ ನೋಡು ಅವರಿಗೆ!" ಎಂದು ಗದರಿ, ಮರುಕ್ಷಣವೇ ಇಗ್ವಾನದ ಗದ್ದ ಸವರುತ್ತಾ "ಕ್ಷಮಿಸಬೇಕು, ನಿಮಗಲ್ಲ ನಾನು ಬೈದಿದ್ದು" ಎಂದರು. ಹುಡುಗಿ ಅಳುವುದೋ ನಗುವುದೋ ತಿಳಿಯದೆ ಇಗ್ವಾನದ ಬಾಲ ಹಿಡಿದುಕೊಂಡು ನಿಂತಿದ್ದಳು.

ಈ ಏಕವಚನದ ಕಾಯಿದೆಗೆ ನಾನು ಕಂಡ ಒಂದೇ ವಿನಾಯಿತಿಯೆಂದರೆ ನನ್ನ ಅಕ್ಕ. ಅವಳನ್ನು "ಟೀಚರಮ್ಮ, ನೀವು" ಎನ್ನುತ್ತಿದ್ದರು. ನಿನ್ನನ್ನು ಅವರು ಪ್ರಾಣಿಗಳ ಲೆಕ್ಕಕ್ಕೆ ಸೇರಿಸಿದ್ದಾರೆ ಎಂದು ನಾನು ಅವಳನ್ನು ರೇಗಿಸುತ್ತಿದ್ದೆ.

ಅವರ ಹಿತ್ತಿಲಿನಲ್ಲಿ ಒಂದು ದೊಡ್ಡ ಸಿಮೆಂಟಿನ ತೊಟ್ಟಿ. ಅದರ ತುಂಬಾ ವಾಸ್ತು ಆಮೆಗಳು. ಕಿವಿಯ ಹತ್ತಿರ ಕೆಂಪು ಪಟ್ಟೆಯಿರುವ, ನಾಣ್ಯದಷ್ಟಗಲದ ಆ ಮರಿಗಳನ್ನು ಜನ ಅಂಗಡಿಯಿಂದ ತಂದು, ಉತ್ತರ ದಿಕ್ಕಿನಲ್ಲಿ ಗಾಜಿನ ಬಟ್ಟಲಿನಲ್ಲಿ ಇಟ್ಟುಕೊಳ್ಳುತ್ತಾರೆ. ಅವು ಅಮೆರಿಕದಿಂದ ಬಂದ ಜಾತಿ. ನಾಲ್ಕಾರು ವರ್ಷಕ್ಕೆ ಊಟದ ತಟ್ಟೆಯಷ್ಟಾಗಿ, ಬಟ್ಟಲು ಸಾಲದೆ ಹೋದಾಗ, ಮನೆಯವರಿಗೆ ದೇವಸ್ಥಾನದ ಕಲ್ಯಾಣಿ ನೆನಪಾಗುತ್ತದೆ. ಜೆ.ಪಿ. ನಗರದ ಒಬ್ಬರು ಅಂಥದ್ದೊಂದನ್ನು ಬಕೆಟ್ಟಿನಲ್ಲಿ ತಂದು, "ಏಕಾದಶಿ ದಿನ ಕಲ್ಯಾಣಿಗೆ ಬಿಡೋಣ ಅಂತಿದ್ದೀನಿ ಸಾರ್, ಒಂದ್ಸಲ ಆರೋಗ್ಯ ನೋಡಿಬಿಡಿ" ಎಂದರು. ಡಾಕ್ಟರು ಬಕೆಟ್ಟನ್ನು ಕಿತ್ತುಕೊಂಡೇಬಿಟ್ಟರು.

"ನಿನಗೆ ಏಕಾದಶಿ ಪುಣ್ಯ ಕಣಯ್ಯ. ಆ ನೀರಲ್ಲಿರೋ ನಮ್ಮೂರ ಆಮೆಗಳಿಗೆ ಆಮೇಲೆ ದಿನಾ ಏಕಾದಶಿ. ಎಲ್ಲಾ ಇವರೇ ತಿಂದುಹಾಕ್ತಾರೆ. ತಪ್ಪು ಇವರದ್ದಲ್ಲ, ತಂದೋನು ನೀನು."

ಆ ಆಮೆಯೂ ತೊಟ್ಟಿ ಸೇರಿತು. "ಇವರಿಗೆ ವಾಪಸ್ ಹೋಗೋಕೆ ಊರಿಲ್ಲ. ಇರೋ ತನಕ ಇಲ್ಲೇ" ಎನ್ನುತ್ತಾ ಅವರೇ ಬೆಳಿಗ್ಗೆ ಬೆಳಿಗ್ಗೆ ಸೊಪ್ಪು ಹೆಚ್ಚಿ ಹಾಕುತ್ತಿದ್ದರು.

ಈಗ ನಮ್ಮ ಮನೆಯ ವಿಷಯ. ನನ್ನ ಗಂಡ ಹೋದ ಮೇಲೆ ಬನಶಂಕರಿಯಲ್ಲಿದ್ದ ಅಕ್ಕನ ಮನೆಗೆ ಬಂದು ಸೇರಿಕೊಂಡೆ. ಅಕ್ಕ ಪ್ರಾಥಮಿಕ ಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತಳಾದವಳು, ಮದುವೆಯಾಗಲಿಲ್ಲ. ನನಗಿಂತ ಹನ್ನೆರಡು ವರ್ಷ ದೊಡ್ಡವಳು, ನನಗೆ ಅಕ್ಷರ ತಿದ್ದಿಸಿದವಳೂ ಅವಳೇ. ಆ ಮನೆಯಲ್ಲಿ ನನಗಿಂತ ಮೊದಲಿನಿಂದ ಇದ್ದ ಇನ್ನೊಬ್ಬರು ಗುಂಡಣ್ಣ. ಮೂವತ್ತು ವರ್ಷದ ಹಿಂದೆ ಅವಳ ಶಾಲೆಯ ಹುಡುಗನೊಬ್ಬನ ತಂದೆ ಕೋಲಾರದ ಕಡೆ ಹೊಲದಲ್ಲಿ ಸಿಕ್ಕಿತೆಂದು ಬುಟ್ಟಿಯಲ್ಲಿ ತಂದುಕೊಟ್ಟ ಆಮೆ. ಕಪ್ಪು ಚಿಪ್ಪಿನ ಮೇಲೆ ಹಳದಿ ಗೆರೆಗಳು ನಕ್ಷತ್ರದ ಹಾಗೆ ಹರಡಿಕೊಂಡಿದ್ದವು. ಅಕ್ಕ ಬೆಳಿಗ್ಗೆ ದಾಸವಾಳ ಕಿತ್ತು ಎರಡು ಪಾಲು ಮಾಡುತ್ತಿದ್ದಳು, ಒಂದು ದೇವರಿಗೆ, ಒಂದು ಗುಂಡಣ್ಣನಿಗೆ. ದೇವರ ಪಾಲು ಚಿಕ್ಕದು.

ಆರೇಳು ವರ್ಷದ ಕೆಳಗೆ ಗುಂಡಣ್ಣ ಊಟ ಬಿಟ್ಟಾಗ ಮೊದಲ ಸಲ ಡಾಕ್ಟರ ಹತ್ತಿರ ಹೋದೆವು. ಅವರು ಎತ್ತಿ, ತಿರುಗಿಸಿ, ಹೊಟ್ಟೆಯ ಪಕ್ಕ ಬೆರಳಿಟ್ಟು, "ತಾಯಿ, ಮೊಟ್ಟೆ ಇದೆಯಲ್ಲ ನಿಮಗೆ! ಮಣ್ಣು ಬೇಕಾ?" ಎಂದರು. "ನಮ್ಮ ಗುಂಡಣ್ಣ ಗಂಡು" ಎಂದಳು ಅಕ್ಕ. "ಹೆಸರು ನೀವಿಟ್ಟಿದ್ದು ಟೀಚರಮ್ಮ, ಅವರನ್ನ ಕೇಳಿ ಇಟ್ರಾ?" ಎಂದು ನಕ್ಕು, ಹಿತ್ತಿಲಲ್ಲಿ ಎಷ್ಟು ಆಳದ ಗುಂಡಿ ತೋಡಬೇಕೆಂದು ಕೈಯಲ್ಲಿ ಅಳತೆ ತೋರಿಸಿದರು. ನಾವು ಹೊರಡುವಾಗ ನಗು ನಿಲ್ಲಿಸಿದರು.

"ಇವರು ನಕ್ಷತ್ರ ಆಮೆ. ನಮ್ಮ ಕಾಡಿನವರು. ಮನೇಲಿ ಇಟ್ಕೊಳ್ಳೋ ಹಾಗಿಲ್ಲ, ದೊಡ್ಡ ಅಪರಾಧ. ನಾನು ನಿಮ್ಮ ಹೆಸರು ಕೇಳಿಲ್ಲ, ಮನೇನೂ ಕೇಳಿಲ್ಲ. ನೀವಾಗಿ ಅರಣ್ಯದವರಿಗೆ ಒಪ್ಪಿಸಿದ್ರೆ ಒಳ್ಳೇದು."

ಅಕ್ಕ ಗುಂಡಣ್ಣನನ್ನು ಬುಟ್ಟಿಯಲ್ಲಿಟ್ಟುಕೊಂಡು ಎದ್ದಳು. ಆಮೇಲೆ ವರ್ಷಕ್ಕೆ ಎರಡು ಸಲ ತೋರಿಸಲು ಹೋದಾಗಲೆಲ್ಲ ಅವರು ಅದನ್ನೇ ಹೇಳುವರು, ಅವಳು ಮಾತು ಬದಲಿಸುವಳು. ಮಧ್ಯೆ ಕುಳಿತ ನಾನು ನಿತ್ಯ ಸರ್ಕಾರಿ ಕಚೇರಿಯಲ್ಲಿ ಪ್ರಥಮ ದರ್ಜೆ ಸಹಾಯಕಿಯಾಗಿ ಕಡತಗಳನ್ನು ನೋಡುವವಳು. ಕಾನೂನು ಎಂಬ ಪದ ಕೇಳಿದರೆ ನಾನು ಚೀಲ ಹೆಗಲಿಗೇರಿಸಿ ಹೊರಡಲು ಏಳುತ್ತಿದ್ದೆ.

ಅಷ್ಟರಲ್ಲಿ ಹೊಸ ನಿಯಮ ಬಂತು. ಪಟ್ಟಿಯಲ್ಲಿರುವ ಹೊರದೇಶದ ಪ್ರಾಣಿಗಳನ್ನು ಸಾಕಿರುವವರೆಲ್ಲ ಸರ್ಕಾರದ ಪೋರ್ಟಲ್ಲಿನಲ್ಲಿ ಬರೆಸಬೇಕು, ಆರು ತಿಂಗಳು ಗಡುವು. ಊರಲ್ಲಿ ಗಾಬರಿಯೆದ್ದಿತು. ಬರೆಸಿದರೆ ಕಿತ್ತುಕೊಂಡು ಹೋಗುತ್ತಾರೆ ಎಂದು ಒಬ್ಬರು, ಬರೆಸದಿದ್ದರೆ ಜೈಲು ಎಂದು ಇನ್ನೊಬ್ಬರು. ಗೊಟ್ಟಿಗೆರೆ ಕಡೆ ಎಲ್ಲಾದರೂ ಕೆರೆಯ ಹತ್ತಿರ ಬಿಟ್ಟುಬರುತ್ತೇನೆ ಎಂದು ಮತ್ತೊಬ್ಬರು. ಡಾಕ್ಟರು ಫೋನು ಹಿಡಿದು ಕುಳಿತರು. ಅವರ ಫೋನಿನಲ್ಲಿ ನಂಬರುಗಳಿದ್ದದ್ದು 'ಇಗ್ವಾನ ಬಿಟಿಎಂ', 'ಬೂದು ಗಿಳಿ ವಸಂತಪುರ', 'ಹೆಬ್ಬಾವು ಜೆಪಿ ನಗರ' ಎಂದು. ಒಬ್ಬೊಬ್ಬರಿಗೂ, "ಬರೆಸ್ಕೋ. ಯಾರೂ ನಿನ್ನ ಕಚ್ಚಲ್ಲ. ಕೆರೆಗೆ ಬಿಟ್ಟೆ ಅಂತ ಗೊತ್ತಾಯ್ತೋ, ಮೊದಲು ನಾನೇ ಹೋಗಿ ಹೇಳ್ತೀನಿ" ಎಂದು ಗದರಿಸುವುದು. ಕಂಪ್ಯೂಟರು ಬಾರದವರಿಗೆ ತಾವೇ ಕುಳಿತು ತುಂಬಿಕೊಟ್ಟರು. ಆ ಹುಬ್ಬಳ್ಳಿ ಹುಡುಗಿ ಅರ್ಜಿ ಸಲ್ಲಿಸಿದ ದಿನ ಪೇಡ ತಂದಿದ್ದಳು.

ನಾವೂ ಹೋದೆವು. ಅಕ್ಕನಿಗೆ ಏನೋ ಆಸೆ. ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಇವರನ್ನ ಬರೆಸೋಕೆ ಆಗಲ್ಲ ಟೀಚರಮ್ಮ. ಅದು ಹೊರಗಿನವರಿಗೆ. ಆಫ್ರಿಕಾದಲ್ಲಿ ಚಿರತೆ ಆಮೆ ಅಂತ ಇದೆ, ಸ್ವಲ್ಪ ಹೀಗೇ ಕಾಣತ್ತೆ. ಅದಾಗಿದ್ರೆ ಬರೆಸಬಹುದಿತ್ತು. ಇವರು ನಮ್ಮವರು."

"ಎಲ್ಲಿಂದಲೋ ಬಂದಿದ್ದನ್ನ ಇಟ್ಕೋಬಹುದು, ಇಲ್ಲೇ ಹುಟ್ಟಿದ್ದನ್ನ ಇಟ್ಕೋಬಾರದು. ಇದ್ಯಾವ ನ್ಯಾಯ ಡಾಕ್ಟ್ರೇ?" ಅಕ್ಕನ ದನಿ ಶಾಲೆಯ ದನಿಯಾಗಿತ್ತು.

"ಇಲ್ಲಿ ಹುಟ್ಟಿದವರಿಗೆ ವಾಪಸ್ ಹೋಗೋಕೆ ಜಾಗ ಇದೆಯಲ್ಲಮ್ಮ. ಅದಕ್ಕೇ."

ಅಕ್ಕ ಗುಂಡಣ್ಣನ ಬುಟ್ಟಿಯನ್ನು ತೊಡೆಯ ಮೇಲೆ ಎಳೆದುಕೊಂಡಳು. ಡಾಕ್ಟರು ಚೀಟಿ ಬರೆದರು. ಪ್ರಾಣಿ: ಆಮೆ, ಹೆಣ್ಣು. ಜಾತಿ ಎಂಬಲ್ಲಿ ಖಾಲಿ. ತೊಂದರೆ: ಏನೂ ಇಲ್ಲ. ಕೆಳಗೆ ಸಹಿ, ಮೊಹರು. "ಒಪ್ಪಿಸೋವಾಗ ಇದನ್ನ ಜೊತೆಗೆ ಕೊಡಿ. ಚೆನ್ನಾಗಿ ನೋಡ್ಕೊಂಡಿದ್ರು ಅಂತ ಅವರಿಗೂ ಗೊತ್ತಾಗ್ಲಿ" ಎಂದರು.

ಆ ರಾತ್ರಿಯಿಂದ ಅಕ್ಕ ತಟ್ಟೆಗೆ ಹಾಕಿದ್ದರಲ್ಲಿ ಅರ್ಧ ಬಿಡತೊಡಗಿದಳು. ಎರಡು ವಾರದಲ್ಲಿ ಅವಳು ಎಷ್ಟು ಇಳಿದುಹೋದಳೆಂದರೆ ಬಳೆಗಳು ಮೊಣಕೈಗೆ ಜಾರುತ್ತಿದ್ದವು. ನನಗೆ ಡಾಕ್ಟರ ಮೇಲೆ ಸಿಟ್ಟು ಬಂತು. ಊರವರಿಗೆಲ್ಲ ಅರ್ಜಿ ತುಂಬಿಕೊಡುವ ಮನುಷ್ಯ ನಮಗೊಂದು ಪದ ಬರೆದುಕೊಡಲಾರರೇ? ಹಾವಿಗೆ ಆಗುತ್ತದೆ, ಗುಂಡಣ್ಣನಿಗೆ ಆಗುವುದಿಲ್ಲವೇ? ಹೀಗೆಲ್ಲ ಒಳಗೊಳಗೇ ಜಗಳವಾಡಿದೆ.

ಗಡುವಿನ ಕೊನೆಯ ದಿನ ರಜೆ ಹಾಕಿದೆ. ಮಧ್ಯಾಹ್ನ, ಅಕ್ಕ ಹಿತ್ತಿಲಿನಲ್ಲಿದ್ದಾಗ, ಡಾಕ್ಟರ ಚೀಟಿಯನ್ನು ಮೇಜಿನ ಮೇಲೆ ಬಿಡಿಸಿಟ್ಟೆ. ಹಾಳು ಕಾಗದವೊಂದರ ಮೇಲೆ ಅವರ ಅಕ್ಷರವನ್ನು ಹತ್ತು ಹನ್ನೆರಡು ಸಲ ಬರೆದು ನೋಡಿದೆ. ಅವರ ಅಕ್ಷರ ಎಡಕ್ಕೆ ವಾಲುತ್ತಿತ್ತು. ಆಮೇಲೆ ಜಾತಿ ಎಂಬುದರ ಮುಂದೆ, ನಲವತ್ತು ವರ್ಷ ಅವರು ಖಾಲಿ ಬಿಟ್ಟುಕೊಂಡು ಬಂದ ಜಾಗದಲ್ಲಿ, 'ಆಫ್ರಿಕಾದ ಚಿರತೆ ಆಮೆ' ಎಂದು ಬರೆದೆ. ದಾಖಲೆ ತಿದ್ದುವುದು ಎಂದರೇನು, ಅದಕ್ಕೆ ಏನಾಗುತ್ತದೆ ಎಂದು ಬೇರೆಯವರಿಗೆ ನೋಟಿಸು ಸಿದ್ಧಪಡಿಸುವ ಕೈ ಇದು. ಅಕ್ಕನ ಹೆಸರಿನಲ್ಲಿ ಅರ್ಜಿ ಹಾಕಿ, ಚಿಪ್ಪಿಗೆ ಮಣ್ಣು ಮೆತ್ತಿದ್ದಾಗ ತೆಗೆದ ಒಂದು ಫೋಟೊ ಸೇರಿಸಿ ಕಳಿಸಿದೆ. ಅಕ್ಕನಿಗೆ, "ಡಾಕ್ಟ್ರು ಒಪ್ಕೊಂಡ್ರು, ಬರೆದುಕೊಟ್ರು" ಎಂದೆ.

ಅವಳು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. "ಹೌದಾ" ಎಂದಳು. ಆ ಸಂಜೆ ಹೊಟ್ಟೆ ತುಂಬಾ ಊಟ ಮಾಡಿದಳು.

ಮೂರು ವಾರ ಕಳೆದು ಒಂದು ಶನಿವಾರ ಬೆಳಿಗ್ಗೆ ಹನ್ನೊಂದಕ್ಕೆ ಬೆಲ್ಲಾಯಿತು. ಅರಣ್ಯ ಇಲಾಖೆಯ ಒಬ್ಬ ಮಹಿಳಾ ಅಧಿಕಾರಿ, ಜೊತೆಗೆ ಒಬ್ಬ ಸಿಬ್ಬಂದಿ. ಅಧಿಕಾರಿಗೆ ಮೂವತ್ತೈದರ ಆಸುಪಾಸು, ಮಾತು ಮೃದು. "ಅರ್ಜಿ ಹಾಕಿದ್ರಲ್ಲ ಮೇಡಂ, ಪರಿಶೀಲನೆಗೆ ಬಂದ್ವಿ" ಎಂದರು. ಗುಂಡಣ್ಣ ಹಿತ್ತಿಲಿನ ಬಿಸಿಲಲ್ಲಿ, ಸ್ನಾನ ಮಾಡಿ, ಗೆರೆಗೆರೆಯೂ ಹೊಳೆಯುವಂತೆ ಕುಳಿತಿತ್ತು. ಆಕೆ ಬಗ್ಗಿ ನೋಡಿದ್ದು ಅರೆ ನಿಮಿಷವೂ ಇಲ್ಲ.

"ಮೇಡಂ, ಇದು ನಕ್ಷತ್ರ ಆಮೆ."

ನಾನು ಅರ್ಜಿಯ ಪ್ರತಿಯನ್ನು ಮುಂದೆ ಹಿಡಿದೆ.

"ಒರಿಜಿನಲ್ ಚೀಟಿ ಕೊಡಿ" ಎಂದರು. ಕೊಟ್ಟೆ. ಬೆಳಕಿಗೆ ಹಿಡಿದು ನೋಡಿದರು. "ಗೊತ್ತಿದ್ದೂ ಇಟ್ಕೊಂಡಿದ್ರೆ ಒಂದು ಕೇಸು. ಸುಳ್ಳು ದಾಖಲೆ ಕೊಟ್ಟಿದ್ರೆ ಅದು ಬೇರೇನೇ. ಅರ್ಜಿ ಈ ಅಮ್ಮನ ಹೆಸರಲ್ಲಿದೆ, ಹಾಗಾಗಿ ಎರಡೂ ಇವರ ಮೇಲೆ ಬರತ್ತೆ. ನೀವು ಎಲ್ಲಿ ಕೆಲಸ ಮಾಡ್ತೀರ ಮೇಡಂ?"

ಹೇಳಿದೆ. ಆಕೆ ಬರೆದುಕೊಂಡರು. "ಡಾಕ್ಟ್ರನ್ನ ಕೇಳಿಬಿಡೋಣ" ಎಂದು ಚೀಟಿಯ ಮೊಹರಿನಲ್ಲಿದ್ದ ನಂಬರಿಗೆ ಅಲ್ಲಿಂದಲೇ ಫೋನು ಮಾಡಿದರು.

ಜಯನಗರದಿಂದ ಅವರು ಬರುವವರೆಗಿನ ಆ ಅರ್ಧ ಗಂಟೆಯನ್ನು ನಾನು ಈಗಲೂ ಪೂರ್ತಿ ಕಳೆದಿಲ್ಲ. ಅಕ್ಕ ಮೆಟ್ಟಿಲ ಮೇಲೆ ಕುಳಿತು ದಾಸವಾಳದ ಎಸಳುಗಳನ್ನು ಒಂದೊಂದಾಗಿ ಹಾಕುತ್ತಿದ್ದಳು, ಗುಂಡಣ್ಣ ಒಂದೊಂದಾಗಿ ತಿನ್ನುತ್ತಿತ್ತು. ಅರವತ್ತೆಂಟು ವರ್ಷದ ನನ್ನ ಅಕ್ಕ ಜೀವನದಲ್ಲಿ ಒಮ್ಮೆಯೂ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಿದವಳಲ್ಲ. ನಾನೇ ಬರೆದದ್ದು ಎಂದು ಹೇಳಿಬಿಡು ಎಂದು ಮನಸ್ಸು ಹೇಳುತ್ತಿತ್ತು. ಹೇಳಿದರೆ ಕೆಲಸ ಹೋಗುತ್ತದೆ, ಪಿಂಚಣಿ ಹೋಗುತ್ತದೆ, ಇಬ್ಬರಿಗೂ ಅದೇ ಆಧಾರ ಎಂದು ಇನ್ನೊಂದು ಮನಸ್ಸು. ನಾನು ಅಡುಗೆಮನೆಗೆ ಹೋಗಿ ಯಾರೂ ಕೇಳದ ಕಾಫಿಗೆ ಹಾಲು ಕಾಯಿಸಲಿಟ್ಟೆ. ಅದು ಉಕ್ಕಿ ಒಲೆಯೆಲ್ಲ ಹರಿಯಿತು. ಒರೆಸಲು ಬಟ್ಟೆ ಹುಡುಕುತ್ತಿದ್ದಾಗ ಆಟೋ ನಿಂತ ಸದ್ದಾಯಿತು.

ಡಾಕ್ಟರು ನೇರವಾಗಿ ಹಿತ್ತಿಲಿಗೆ ಬಂದು ಗುಂಡಣ್ಣನ ಮುಂದೆ ಕುಕ್ಕರಗಾಲಲ್ಲಿ ಕುಳಿತರು. "ಏನು ತಾಯಿ, ಚೆನ್ನಾಗಿದ್ದೀರಾ?" ಎಂದರು. ಅಧಿಕಾರಿ ಚೀಟಿಯನ್ನು ಅವರ ಕೈಗೆ ಕೊಟ್ಟರು.

"ಇದು ನಿಮ್ಮ ಅಕ್ಷರಾನಾ ಸಾರ್?"

ಅವರು ಕನ್ನಡಕ ಹಾಕಿಕೊಂಡು ಓದಿದರು. ನಾಲ್ಕು ಸಾಲಿನ ಚೀಟಿ ಓದಲು ಎಷ್ಟು ಹೊತ್ತು ಬೇಕು? ಅದರ ನಾಲ್ಕರಷ್ಟು ತೆಗೆದುಕೊಂಡರು. ಆಮೇಲೆ ತಲೆಯೆತ್ತಿ ಮೊದಲು ನನ್ನನ್ನು, ಆಮೇಲೆ ಅಕ್ಕನನ್ನು ನೋಡಿದರು. ಸಿಟ್ಟಿದ್ದರೆ ತಾಳಿಕೊಳ್ಳಬಹುದಿತ್ತು. ಜ್ವರ ಬಂದ ಪ್ರಾಣಿಯನ್ನು ನೋಡುವಂತೆ ನೋಡಿದರು.

"ನಂದೇ" ಎಂದರು.

"ಸಾರ್, ನಮ್ಮನೆ ನಾಯಿಗೂ ನೀವೇ ಡಾಕ್ಟ್ರು. ಜಾತಿ ಕಾಲಂ ನೀವು ತುಂಬಿದ್ದು ನಾನು ಯಾವತ್ತೂ ನೋಡಿಲ್ಲ."

"ಸರ್ಕಾರಕ್ಕೆ ಕೊಡೋದು ಅಂದ್ರು. ಒಂದೇ ಒಂದು ಸಲ ತುಂಬ್ದೆ. ಅದೂ ತಪ್ಪಾಯ್ತು."

"ಈ ಗೆರೆ ನೋಡಿದ್ರೆ ಸ್ಕೂಲ್ ಮಕ್ಕಳಿಗೂ ಗೊತ್ತಾಗತ್ತೆ. ನಿಮಗೆ ಗೊತ್ತಾಗ್ಲಿಲ್ವಾ?"

"ಗೊತ್ತಾಗ್ಲಿಲ್ಲಮ್ಮ."

"ಸಾರ್, ಯೋಚನೆ ಮಾಡಿ ಹೇಳಿ. ನಾನು ಇದನ್ನ ಹೀಗೇ ಬರ್ಕೋಬೇಕಾಗತ್ತೆ."

"ಬರ್ಕೋ. ಕಣ್ಣು ಮೊದಲಿನ ಹಾಗಿಲ್ಲ. ಟೀಚರಮ್ಮ ನನ್ನ ಮಾತು ನಂಬಿ ಅರ್ಜಿ ಹಾಕಿದ್ರು. ಅವರದ್ದೇನೂ ಇಲ್ಲ ಇದರಲ್ಲಿ."

ಮೊಟ್ಟೆಯನ್ನು ಬೆರಳಿನಲ್ಲೇ ಕಂಡವರು ಅವರು. ದುಪಟ್ಟಾದೊಳಗಿಂದ ಬರೀ ಬಾಲದ ತುದಿ ಕಂಡರೆ ಪ್ರಾಣಿಯ ವಯಸ್ಸು ಹೇಳುತ್ತಿದ್ದರು. ಬೇರೆ ಡಾಕ್ಟರುಗಳು ಯಾವ ಹಕ್ಕಿ, ಯಾವ ಹಲ್ಲಿ ಎಂದು ತಿಳಿಯದಿದ್ದಾಗ ಫೋಟೊ ಕಳಿಸಿ ಇವರನ್ನೇ ಕೇಳುತ್ತಿದ್ದರು. ಅವರಿಗಿದ್ದ ಒಂದೇ ಹೆಮ್ಮೆ ಅದು. ಅದನ್ನು ನಮ್ಮ ಹಿತ್ತಿಲಲ್ಲಿ, ಇಬ್ಬರು ಅಪರಿಚಿತರ ಮುಂದೆ ಇಳಿಸಿಟ್ಟರು. ನಾನು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದೆ, ಕೈಯಲ್ಲಿ ಒಲೆ ಒರೆಸುವ ಬಟ್ಟೆ.

ಅಧಿಕಾರಿ ಬಹಳ ಹೊತ್ತು ಅವರನ್ನೇ ನೋಡಿ, ಪೆನ್ನು ತೆಗೆದರು. ತಪ್ಪು ಗುರುತಿನಿಂದ ಆದ ಪ್ರಮಾದ, ವಿಷಯ ತಿಳಿದ ಕೂಡಲೇ ಮನೆಯವರು ತಾವಾಗಿ ಒಪ್ಪಿಸಿದ್ದಾರೆ, ಹೀಗೆ ಬರೆದರು. ಅಕ್ಕ ತನ್ನ ಮುತ್ತಿನಂಥ ಅಕ್ಷರದಲ್ಲಿ ಒಪ್ಪಿಗೆ ಪತ್ರ ಬರೆದುಕೊಟ್ಟಳು. ಅದರಲ್ಲಿ 'ಗುಂಡಣ್ಣ ಎಂಬ ಹೆಣ್ಣು ಆಮೆ' ಎಂದಿತ್ತು. ಅಧಿಕಾರಿ ಹೊಡೆದುಹಾಕಲಿಲ್ಲ. ಡಾಕ್ಟರು ಪೆಟ್ಟಿಗೆಯಲ್ಲಿ ಹುಲ್ಲು ಹಾಸಿ, ಗುಂಡಣ್ಣನನ್ನು ಎರಡೂ ಕೈಯಲ್ಲಿ ಎತ್ತಿ ಕೂರಿಸಿ, "ಹೋಗಿ ಬನ್ನಿ ತಾಯಿ. ಮಣ್ಣು ಚೆನ್ನಾಗಿರತ್ತೆ ಅಲ್ಲಿ" ಎಂದರು. ಜೀಪು ತಿರುವಿನಲ್ಲಿ ಮರೆಯಾಗುವವರೆಗೆ ಅಕ್ಕ ಗೇಟಿನ ಬಳಿಯಿದ್ದಳು. ಡಾಕ್ಟರು ಕಾಫಿ ಬೇಡವೆಂದು ಹೇಳಿ, ಚಪ್ಪಲಿ ಹಾಕಿಕೊಂಡು ನಡೆದೇ ಹೋದರು. ನನ್ನ ಜೊತೆ ಮಾತಾಡಲಿಲ್ಲ ಎಂದು ಬರೆಯಲು ಹೊರಟಿದ್ದೆ, ಅದು ಸುಳ್ಳು. ಅವರು ಗೇಟಿನ ಹತ್ತಿರ ಒಂದು ಕ್ಷಣ ನಿಂತರು. ನಾನೇ ಒಳಗೆ ಹೋಗಿಬಿಟ್ಟೆ.

ಅವರಿಗೆ ಮೇಲಿನಿಂದ ವಿವರಣೆ ಕೇಳಿ ನೋಟಿಸು ಬಂತು. ಅದೇ ಮಾತನ್ನು ಬರೆದು ಸಹಿ ಮಾಡಿ ಕಳಿಸಿದರಂತೆ. ಪ್ರಾಣಿ ಸಾಕುವವರ ವಾಟ್ಸಾಪ್ ಗುಂಪುಗಳಲ್ಲಿ ಸುದ್ದಿ ಹರಡಿತು. ಒಬ್ಬರು, ನಮ್ಮ ಗಿಳಿಯನ್ನು ಕೋಳಿ ಎನ್ನದಿದ್ದರೆ ಸಾಕು ಎಂದು ಬರೆದರು. ಅದಕ್ಕೆ ನಲವತ್ತು ಜನ ನಗುವ ಮುಖ ಹಾಕಿದರು. ಆ ಗುಂಪಿನಲ್ಲಿ ನಾನೂ ಇದ್ದೆ. ಜನ ಬೇರೆ ಡಾಕ್ಟರನ್ನು ಹುಡುಕಿಕೊಂಡರು. ಹುಬ್ಬಳ್ಳಿ ಹುಡುಗಿಯಂಥ ಒಬ್ಬಿಬ್ಬರು ಮಾತ್ರ ಹೋಗುತ್ತಿದ್ದರು. ವರ್ಷ ತುಂಬುವುದರೊಳಗೆ ಕ್ಲಿನಿಕ್ಕಿನ ಬೋರ್ಡು ಇಳಿಯಿತು. ಕಚೇರಿಗೆ ಹೋಗುವಾಗ ಅವರ ರಸ್ತೆಯ ತುದಿಯಲ್ಲಿ ಬಸ್ ಇಳಿಯುತ್ತಿದ್ದವಳು ನಾನು, ಒಂದು ಸ್ಟಾಪು ಮೊದಲೇ ಇಳಿದು ಬೇರೆ ರಸ್ತೆಯಲ್ಲಿ ನಡೆಯಲು ಶುರುಮಾಡಿದೆ. ಆರೋಗ್ಯಕ್ಕೆ ನಡಿಗೆ ಒಳ್ಳೆಯದು ಎಂದು ಅಕ್ಕನಿಗೆ ಹೇಳಿದೆ.

ಅವರು ಹೋದ ದಿನ ಶಾಮಿಯಾನದ ಕೆಳಗಿನಿಂದ ಎದ್ದುಬಂದವಳಿಗೆ ಊಟ ಸೇರಲಿಲ್ಲ. ಮೂರು ದಿನ ಕಳೆದು, ಅರಣ್ಯ ಇಲಾಖೆಗೆ ಒಂದು ಪತ್ರ ಬರೆದೆ. ಆ ಚೀಟಿಯಲ್ಲಿ ಜಾತಿಯ ಮುಂದಿರುವ ಮೂರು ಪದ ನನ್ನ ಅಕ್ಷರ, ಡಾಕ್ಟರದ್ದಲ್ಲ. ಅವರು ಪ್ರಾಣಿಯನ್ನು ಮೊದಲ ದಿನವೇ ಸರಿಯಾಗಿ ಗುರುತಿಸಿದ್ದರು. ಅವರ ಮೇಲಿನ ಟಿಪ್ಪಣಿಯನ್ನು ತೆಗೆದುಹಾಕಬೇಕು. ನನ್ನ ಹೆಸರು, ಹುದ್ದೆ, ಕಚೇರಿ, ಎಲ್ಲ ಬರೆದೆ. ನಿವೃತ್ತಿಗೆ ಇನ್ನೂ ಮೂರು ವರ್ಷವಿದೆ. ಕಳಿಸುವ ಮೊದಲು ಅಕ್ಕನಿಗೆ ಹೇಳದೆ ಆಗುವುದಿಲ್ಲ, ಏಕೆಂದರೆ ಮತ್ತೆ ಅವಳ ಹೆಸರೂ ಎದ್ದುಬರುತ್ತದೆ. ಪತ್ರವನ್ನೇ ಅವಳ ಕೈಗೆ ಕೊಟ್ಟು ಎದುರಿಗೆ ಕುಳಿತೆ.

ಅವಳು ನಿಧಾನವಾಗಿ ಓದಿದಳು. ಒಂದು ಕಡೆ ಬಿಟ್ಟುಹೋಗಿದ್ದ ಒತ್ತಕ್ಷರವನ್ನು ಪೆನ್ನು ತೆಗೆದುಕೊಂಡು ಸೇರಿಸಿದಳು. ಆಮೇಲೆ ಕನ್ನಡಕ ತೆಗೆದಳು.

"ನಿನ್ನ 'ಫ' ನಂಗೆ ಗೊತ್ತಿಲ್ವೇನೇ? ಎರಡನೇ ಕ್ಲಾಸಿಂದ ಹೊಟ್ಟೆ ಸೀಳೋದನ್ನ ಹೊರಗಡೆಯಿಂದ ಎಳೀತೀಯ. ಆವತ್ತು ಚೀಟಿ ಅವರ ಕೈಯಲ್ಲಿದ್ದಾಗಲೇ ನೋಡ್ದೆ."

ನಾನು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡೆ. "ಮತ್ತೆ ಯಾಕೆ ಕೇಳ್ಲಿಲ್ಲ?"

"ನೀನೇ ಹೇಳ್ತೀಯ ಅಂತ." ಅಕ್ಕ ಪತ್ರವನ್ನು ಮಡಿಸಿದಳು. "ನಾನು ಮಾರನೇ ದಿನಾನೇ ಅವರ ಮನೆಗೆ ಹೋಗಿ ಕ್ಷಮೆ ಕೇಳ್ದೆ. ನನ್ನ ತಂಗಿ ಬರೆದಿದ್ದು ಅಂತ ಗೊತ್ತು ಡಾಕ್ಟ್ರೇ ಅಂದೆ. ಇಲ್ಲಮ್ಮ, ನಂದೇ ಅಕ್ಷರ ಅಂದ್ರು. ನನ್ನ ಹತ್ರಾನೂ ಒಪ್ಕೊಳ್ಲಿಲ್ಲ. ಆಮೇಲೂ ಹೋಗ್ತಾ ಇದ್ದೆ. ಗುರುವಾರ ಗುರುವಾರ."

"ಗುರುವಾರ ನೀನು ಮಠಕ್ಕೆ ಹೋಗ್ತಿದ್ದೆ."

"ತೊಟ್ಟಿಗೆ ಸೊಪ್ಪು ಹೆಚ್ಚೋಕೆ ಹೋಗ್ತಿದ್ದೆ. ಅವರಿಗೆ ಬಗ್ಗೋಕೆ ಆಗ್ತಿರ್ಲಿಲ್ಲ."

ನಾನು ಕೇಳಬಾರದಿತ್ತು, ಆದರೂ ಕೇಳಿದೆ. "ನನ್ನ ಬಗ್ಗೆ ಏನಾದ್ರೂ ಅನ್ನೋರಾ?"

"ಏನೂ ಅನ್ನೋರಲ್ಲ. ನಿಮ್ಮ ತಂಗಿ ಯಾಕೆ ಬರೋದು ಬಿಟ್ಲು ಅಂತ ಕೇಳೋರು. ಪ್ರತಿ ವಾರ ಕೇಳೋರು."

"ನೀನೇನು ಹೇಳ್ತಿದ್ದೆ?"

"ಆಫೀಸಲ್ಲಿ ಕೆಲಸ ಜಾಸ್ತಿ ಅಂತಿದ್ದೆ. ಹೂಂ, ಇರತ್ತೆ ಇರತ್ತೆ, ಪುರುಸೊತ್ತಾದಾಗ ಬರ್ಲಿ ಬಿಡಿ, ಅನ್ನೋರು."